ಒಂಟಿ ಸ್ವರ, ಜೋಡಿ ದನಿ

"ಅಪ್ಪ ಊದದೆ ನಾನು ಈ ಹೊಸ್ತಿಲು ದಾಟೋದಿಲ್ಲ," ಎಂದು ಹನಾದಿ ಮದುವೆಯ ಬಿಳಿ ಉಡುಪಿನಲ್ಲೇ ಬಾಗಿಲಿಗೆ ಅಡ್ಡ ಕುಳಿತುಬಿಟ್ಟಳು. ರಮ್ಥಾ ಊರಿನ ಆ ಓಣಿಯ ತುದಿಯಲ್ಲಿ ಗಂಡಿನ ಕಡೆಯ ಕಾರುಗಳು ಆಗಲೇ ಹಾರ್ನ್ ಹೊಡೆಯುತ್ತಿದ್ದವು.

ಅವಳಪ್ಪ ಅಬು ಧೀಬ್ ಅಂಗಳದ ದ್ರಾಕ್ಷಿ ಚಪ್ಪರದಡಿ ತಲೆವಸ್ತ್ರವನ್ನು ಮೂಗಿನವರೆಗೂ ಸುತ್ತಿಕೊಂಡು ಕೂತಿದ್ದ. ಹಿರಿಯ ಹೆಣ್ಣುಮಕ್ಕಳನ್ನೆಲ್ಲ ಮಿಜ್ವಿಜ್ ಊದಿಯೇ ಗಂಡನ ಮನೆಗೆ ಕಳಿಸಿದವನು. ಜೊಂಡಿನ ಎರಡು ಕೊಳವೆಗಳನ್ನು ಮೇಣ ಹಚ್ಚಿ ಜೋಡಿಸಿದ ಆ ವಾದ್ಯ ಈಗ ಅವನ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಚಳಿಗಾಲದಲ್ಲಿ ಲಕ್ವ ಹೊಡೆದು ಅವನ ಬಾಯಿ ಒಂದು ಕಡೆಗೆ ವಾಲಿತ್ತು. ತುಟಿ ಮುಚ್ಚುತ್ತಿರಲಿಲ್ಲ, ಚಹಾ ಕುಡಿದರೆ ಅರ್ಧ ಅಂಗಿಗೆ.

ತಮ್ಮನ ಮಗ ಶಾಹೆರ್ ಮದುವೆಗಳಲ್ಲಿ ಕೀಬೋರ್ಡ್ ನುಡಿಸುವವನು. ಎದುರಿಗೇ ಮೇಜು ಎಳೆದು ವೈರು ಸಿಕ್ಕಿಸಿದ. "ದೊಡ್ಡಪ್ಪ, ನಿನ್ನ ಸದ್ದನ್ನ ಇದರಲ್ಲಿ ತೆಗೀತೀನಿ, ಕೇಳು," ಎಂದು ಒಂದು ಸ್ವರ ಒತ್ತಿಹಿಡಿದ.

"ಲಾರಿ ಹಾರ್ನು," ಎಂದ ಅಬು ಧೀಬ್. "ಹೊರಗೆ ಹೊಡೀತಿರೋರು ಸಾಲದಾ?"

"ತಡಿ ಮಾರಾಯ. ಸದ್ದು ಅಂದ್ರೆ ಒಂದು ಬಾಗಿಲು ಪಟಪಟ ತೆರೆದು ಮುಚ್ಚಿದ ಹಾಗೆ. ಈಗ ತೆರೆದಿರೋ ಹೊತ್ತು, ಮುಚ್ಚಿರೋ ಹೊತ್ತು ಎರಡೂ ಸಮ. ಅದಕ್ಕೇ ಟೊಳ್ಳು. ತೆರೆದಿರೋ ಹೊತ್ತನ್ನ ಒಂಚೂರು ಕಿರಿದು ಮಾಡಿದ್ರೆ..." ಗುಂಡಿ ತಿರುಗಿಸಿದ. ಸ್ವರ ಅದೇ ಇತ್ತು. ದನಿ ಮಾತ್ರ ತೆಳ್ಳಗಾಗಿ ಮೂಗಿಗೇರಿತು.

ಅಬು ಧೀಬ್‌ನ ಹುಬ್ಬು ಮೇಲೆದ್ದಿತು. "ಜೊಂಡೇನೋ ಬಂತು. ಆದ್ರೆ ಒಂಟಿ. ನನ್ನದ್ರಲ್ಲಿ ಎರಡಿವೆ ಕಣೋ ಕತ್ತೆ. ಎರಡೂ ಹಾಡೋದು ಒಂದೇ ಸ್ವರ, ಆದ್ರೆ ಪೂರ್ತಿ ಒಪ್ಪೋದಿಲ್ಲ. ನಾನೂ ನಿಮ್ಮ ದೊಡ್ಡಮ್ಮನೂ ಇದ್ದ ಹಾಗೆ."

"ನನ್ನನ್ಯಾಕೆ ಎಳೀತೀರಿ?" ಒಳಗಿನಿಂದ ಹೆಂಡತಿ ಕೂಗಿದಳು. "ನಾನು ಯಾವತ್ತು ಒಪ್ಪಿಲ್ಲ?"

"ಕೇಳಿಸ್ತಾ?" ಎಂದ ಅಬು ಧೀಬ್.

ಶಾಹೆರ್ ನಗುತ್ತಾ ಅದೇ ಗುಂಡಿಯನ್ನು ಆಚೆಗೂ ಈಚೆಗೂ ಮೆಲ್ಲಗೆ ತೂಗಿದ. ಆ ಕಾಣದ ಬಾಗಿಲು ತೆರೆದಿರುವ ಹೊತ್ತು ಹಿಗ್ಗುತ್ತಾ ಕುಗ್ಗುತ್ತಾ ಹೋದಂತೆ ದನಿ ಅಲೆಯತೊಡಗಿತು. ಒಂದೇ ಸ್ವರ, ಕಿವಿಗೆ ಇಬ್ಬರು. ತಳ್ಳಾಡುತ್ತಾರೆ, ಮತ್ತೆ ಹತ್ತಿರ ಬರುತ್ತಾರೆ. ಬಾಗಿಲಲ್ಲಿದ್ದ ಹನಾದಿ ತಲೆಯೆತ್ತಿದಳು.

"ಇನ್ನು ಇದನ್ನ ಯಂತ್ರಕ್ಕೇ ಬಿಡ್ತೀನಿ, ತಾನೇ ತೂಗಿಕೊಳ್ಳುತ್ತೆ," ಎಂದ ಶಾಹೆರ್.

"ತೊಟ್ಟಿಲ ಹಾಗೆ, ಒಂದೇ ಸಮ?" ಅಬು ಧೀಬ್ ಎದ್ದು ಬಂದ. "ಮನುಷ್ಯನ ಉಸಿರು ಹಾಗಿರುತ್ತೇನೋ? ತೆಗಿ ಕೈ."

ಗುಂಡಿ ಅವನ ಬೆರಳಿಗೆ ಸಿಕ್ಕಿತು. ಶಾಹೆರ್ ನುಡಿಸಿದ, ಅವನು ತೂಗಿದ. ಸ್ವರ ಏರುವಲ್ಲಿ ಬಿಗಿಹಿಡಿದು, ಇಳಿಯುವಲ್ಲಿ ಸಡಿಲಬಿಟ್ಟು. ತಲೆವಸ್ತ್ರ ಜಾರಿ ಭುಜಕ್ಕೆ ಬಿತ್ತು. ಅದು ಅವನಿಗೆ ತಿಳಿಯಲೂ ಇಲ್ಲ. ಹನಾದಿ ಎದ್ದಳು. ಉಡುಪಿನ ಅಂಚನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯನ್ನು ಅಕ್ಕಂದಿರಿಗೆ ಕೊಟ್ಟು, ಹೊಸ್ತಿಲಾಚೆಗೆ ಕಾಲು ಅಪ್ಪಳಿಸಿದಳು. ಕೈ ಕೈ ಹಿಡಿದು ಕುಣಿಯುವ ದಬ್ಕೆಯ ಸಾಲು ಅಂಗಳಕ್ಕಿಳಿಯಿತು. ಓಣಿಯ ಹಾರ್ನುಗಳು ಒಂದೊಂದಾಗಿ ನಿಂತವು.

ಸಾಲು ಬಿಸಿಯೇರಿದಂತೆ ಶಾಹೆರ್ ಲಯ ಏರಿಸಿದ. ಮೇಜಿನಡಿಯಿಂದ ಅವನ ಮೊಣಕಾಲಿಗೆ ಒಂದು ಒದೆ ಬಿತ್ತು. ನೋಡಿದರೆ ಅಬು ಧೀಬ್‌ನ ಹಣೆಯೆಲ್ಲ ಬೆವರು, ನೆಟ್ಟಗಿದ್ದ ಆ ಒಂದು ಕೆನ್ನೆ ಚೆಂಡಿನಂತೆ ಉಬ್ಬಿತ್ತು.

"ನಿಧಾನ ಬಾರಿಸೋ, ಮುಟ್ಠಾಳ! ನಂಗೆ ಉಸಿರು ಸಾಲ್ತಿಲ್ಲ."