ಏಳು ದಿನಗಳ ಗ್ರಹ

ಏಳೂವರೆ ದಾಟಿತು. ಗ್ರಹ ಬರಲಿಲ್ಲ.

ಏಕಾಂತಯ್ಯ ಕುರ್ಚಿಯನ್ನು ಕಂಪ್ಯೂಟರಿನ ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ತಾರಸಿಯ ಮೇಲೆ ದೂರದರ್ಶಕ ತಾನಾಗಿಯೇ ಮೇಷ ರಾಶಿಯ ಒಂದು ಮಂಕು ನಕ್ಷತ್ರವನ್ನು ಹಿಂಬಾಲಿಸುತ್ತಿತ್ತು. ಅದರ ಕ್ಯಾಮೆರಾ ಕಂಡದ್ದು ತಂತಿಯಲ್ಲಿ ಇಳಿದು, ಬಸವೇಶ್ವರನಗರದ ಈ ಕಿರುಕೋಣೆಯಲ್ಲಿ ಚುಕ್ಕಿಯ ಪಕ್ಕ ಚುಕ್ಕಿಯಾಗಿ ಸಾಲುಗಟ್ಟುತ್ತಿತ್ತು. ಈ ಹೊತ್ತಿಗೆ ಸಾಲು ಬಾಗಬೇಕಿತ್ತು. ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋದರೆ ನೂರರಲ್ಲಿ ಒಂದು ಪಾಲು ಬೆಳಕು ಕುಗ್ಗುತ್ತದೆ. ಕಾರ್ತಿಕದಿಂದೀಚೆಗೆ, ಪ್ರತಿ ಸೋಮವಾರ ಏಳೂವರೆಗೆ ಕುಗ್ಗಿ, ಒಂಬತ್ತಕ್ಕೆ ಮೆಲ್ಲನೆ ಚೇತರಿಸಿಕೊಳ್ಳುತ್ತಿತ್ತು. ಒಂದು ವಾರವೂ ತಪ್ಪಿರಲಿಲ್ಲ.

ಇಂದು ಸಾಲು ಅಡಿಪಟ್ಟಿಯಿಟ್ಟು ಎಳೆದಂತೆ ನೇರವಾಗಿತ್ತು.

ಪಕ್ಕದಲ್ಲಿ ಗಿರಿರಾಜ್ ಕೂತಿದ್ದ. ಮಲ್ಲತ್ತಹಳ್ಳಿಯವನು, ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಹವ್ಯಾಸಿ ಖಗೋಳ ಕೂಟದ ಕಾರ್ಯದರ್ಶಿ. ಎರಡನೆಯವರೊಬ್ಬರು ಕಣ್ಣಾರೆ ಕಂಡು ಸಾಕ್ಷಿ ನುಡಿದರೆ ಮಾತ್ರ ಕೂಟ ಹೊಸ ಶೋಧವನ್ನು ಮುಂದಕ್ಕೆ ಕಳಿಸುತ್ತದೆ. ಆ ಸಾಕ್ಷಿಗಾಗಿಯೇ ಅವನು ಬಂದಿದ್ದ.

ಏಕಾಂತಯ್ಯನವರ ಕಣ್ಣುಗಳಿಗೆ ಹೆಚ್ಚು ಕಾಲವಿರಲಿಲ್ಲ. ನರ ಒಣಗುತ್ತಿದೆ, ಅಂಚಿನಿಂದ ಕತ್ತಲು ಒಳಗೆ ಸರಿಯುತ್ತದೆ, ಮುಂದಿನ ವರ್ಷದ ಚಳಿಗಾಲದ ಹೊತ್ತಿಗೆ ಉಳಿಯುವುದು ಅಷ್ಟಕ್ಕಷ್ಟೇ ಎಂದು ವೈದ್ಯರು ಕಾರ್ತಿಕದ ಆರಂಭದಲ್ಲೇ ಹೇಳಿದ್ದರು. ಮೂವತ್ತೆಂಟು ವರ್ಷ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇತರರು ಕಲ್ಪಿಸಿದ ಯಂತ್ರಗಳಿಗೆ ನಕ್ಷೆ ಬರೆದವರು ಅವರು. ಕತ್ತಲು ಪೂರ್ತಿ ಕವಿಯುವ ಮುನ್ನ, ಯಾರೂ ಕಾಣದ ಒಂದನ್ನು ತಾನು ಕಂಡೆ ಎನ್ನಬೇಕಿತ್ತು. ಬೇರೇನೂ ಬೇಕಿರಲಿಲ್ಲ. ವೈದ್ಯರ ಮಾತು ಕೇಳಿ ಬಂದ ಮರುವಾರವೇ ಗ್ರಹ ಕಾಣಿಸಿಕೊಂಡಾಗ, ದಯೆಯೆಂಬುದು ಆಕಾಶಕ್ಕೂ ಇದೆಯೆಂದು ಅವರು ನಂಬಿಬಿಟ್ಟಿದ್ದರು.

“ಸರಿಯಾಗಿ ಏಳೇ ದಿನ. ಮೊದಲೇ ಕೇಳ್ಬೇಕು ಅಂತಿದ್ದೆ ಸಾರ್,” ಗಿರಿರಾಜ್ ತಡವರಿಸಿದ. “ಆಕಾಶಕ್ಕೆ ಸೋಮವಾರ ಯಾವತ್ತು ಅಂತ ಹೇಗೆ ಗೊತ್ತು?”

“ನಿಂಗೆ ಹೊಟ್ಟೆಕಿಚ್ಚು ಕಣಯ್ಯಾ.”

“ಬೈಕೊಳ್ಳಿ, ಪರವಾಗಿಲ್ಲ. ಆದ್ರೆ ಹೊರಗಿನ ಬೆಳಕು ಓರೆಯಾಗಿ ಒಳಗೆ ಬಿದ್ರೂ ಹಿಂಗೇ ಆಗುತ್ತೆ. ಆಕಾಶದ ಬೆಳಕನ್ನ ಕಳೆಯೋವಾಗ ಕಂಪ್ಯೂಟರ್ ಜಾಸ್ತಿ ಕಳೆದುಬಿಡುತ್ತೆ, ನಕ್ಷತ್ರ ಮಂಕಾದಂಗೆ ಕಾಣುತ್ತೆ. ಹಿಂದಿನ ರಸ್ತೆ ಕಲ್ಯಾಣಮಂಟಪದ ಲೈಟು ಏನಾದ್ರೂ...”

“ಪ್ರತಿ ಸೋಮವಾರ ಮದುವೆ ಆಗೋನು ಯಾವನಯ್ಯಾ ಅವನು? ಸುತ್ತ ಕಪ್ಪು ಟಾರ್ಪಾಲು ಕಟ್ಟಿಸಿದೀನಿ. ತಾರಸಿ ಬಲ್ಬನ್ನೇ ಕೀಳಿಸಿದೀನಿ. ಐದು ಗಂಟೆಗೆ ಮುಚ್ಚಳ ತೆಗೆದು ಇಳಿದ್ರೆ, ಈ ಮಂಡಿ ಇಟ್ಕೊಂಡು ಮತ್ತೆ ನಾನೇ ಹತ್ತೋದಿಲ್ಲ.”

ಹೆಂಡತಿ ನೀಲಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟರು. ಪಕ್ಕದಲ್ಲಿ ತುಪ್ಪ ಸೂಸುವ ಗೋಧಿಯ ಸಿಹಿ. ತಾವೂ ಒಂದು ತಟ್ಟೆ ಹಿಡಿದು ಬಾಗಿಲ ಬಳಿಯ ಮಣೆಯ ಮೇಲೆ ಕೂತರು. ಈ ಹೊತ್ತಿನಲ್ಲಿ ಆಕೆ ಹೀಗೆ ನಿರಾಳವಾಗಿ ಕೂತು ತಿನ್ನುವುದನ್ನು ಏಕಾಂತಯ್ಯ ಕಂಡು ಬಹಳ ದಿನವಾಗಿತ್ತು. ಆದರೆ ಅವರ ಗಮನವೆಲ್ಲ ಸಾಲಿನ ಮೇಲಿತ್ತು.

“ಏನಮ್ಮಾ, ಸಿಹಿ ಬೇರೆ?” ಗಿರಿರಾಜ್ ಕೇಳಿದ.

“ಎಲ್ಲಾ ಸಾಂಗವಾಗಿ ಮುಗೀತಲ್ಲಪ್ಪಾ, ಅದಕ್ಕೇ.”

ಏಕಾಂತಯ್ಯನವರಿಗೆ ಅದು ಕೊಂಕಿನಂತೆ ಕೇಳಿಸಿತು. ಸಿಹಿಯನ್ನು ಮುಟ್ಟಲಿಲ್ಲ.

ಒಂಬತ್ತಾಯಿತು. ಗಿರಿರಾಜ್ ಹೆಲ್ಮೆಟ್ ಎತ್ತಿಕೊಂಡ. “ಮುಂದಿನ ವಾರ ಮತ್ತೆ ನೋಡೋಣ ಸಾರ್,” ಎಂದವನು ಅವರ ಮುಖ ನೋಡಲಿಲ್ಲ. ಇನ್ನೆರಡು ವಾರದಲ್ಲಿ ನಕ್ಷತ್ರ ಪಡುವಣದ ಮಬ್ಬಿಗೆ ಇಳಿಯುತ್ತದೆ, ಅದು ಮತ್ತೆ ಮೇಲೇರುವಷ್ಟರಲ್ಲಿ ನೋಡುವ ಕಣ್ಣು ಇರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಗೇಟಿನಾಚೆ ಸ್ಕೂಟರಿನ ಸದ್ದು ಸಣ್ಣಗಾಗಿ ಅಡಗಿತು.

ಏಕಾಂತಯ್ಯ ಪರದೆಯಲ್ಲಿ ಇನ್ನೊಂದು ಆಕಾಶವನ್ನು ತೆರೆದರು. ನಾಲ್ಕು ತಿಂಗಳಿಂದ ತಾವೇ ಲೆಕ್ಕ ಕಟ್ಟಿ ಬೆಳೆಸಿದ ಲೋಕ ಅದು: ನಡುವೆ ಆ ನಕ್ಷತ್ರ, ಸುತ್ತ ಆ ಒಂದೇ ಗ್ರಹ. ಇದ್ದದ್ದು ಇಲ್ಲವಾಗಬೇಕಾದರೆ ಯಾವುದೋ ಎಳೆದಿರಬೇಕು. ಕಣ್ಣಿಗೆ ಬೀಳದ ಎರಡನೆಯ ಗ್ರಹವೊಂದನ್ನು ಆಚೆ ಇಟ್ಟು ಓಡಿಸಿದರು. ನೂರು ವರ್ಷ ಹನ್ನೊಂದು ನಿಮಿಷದಲ್ಲಿ ಉರುಳಿದವು. ಅವರ ಗ್ರಹ ಕವಣೆಯ ಕಲ್ಲಿನಂತೆ ಕತ್ತಲೆಗೆ ಹಾರಿಹೋಯಿತು. ತೂಕ ತಗ್ಗಿಸಿದರು. ಗ್ರಹ ಸುರುಳಿ ಸುತ್ತುತ್ತ ನಕ್ಷತ್ರದೊಳಕ್ಕೆ ಬಿತ್ತು. ಮತ್ತೂ ತಗ್ಗಿಸಿದರು. ಈ ಬಾರಿ ಅದು ಉಳಿಯಿತು. ಪಥ ಮಾತ್ರ ಓರೆಯಾಗಿ, ನಕ್ಷತ್ರದ ಮುಖಕ್ಕೆ ಅಡ್ಡ ಬರುವುದನ್ನು ಬಿಟ್ಟಿತು. ಆದರೆ ಅಷ್ಟು ಓರೆಯಾಗಲು ಅರವತ್ತು ವರ್ಷ ಹಿಡಿಯಿತು. ಒಂದೇ ವಾರದಲ್ಲಿ ಮಾಯವಾಗುವ ದಾರಿ ಅವರು ಬಲ್ಲ ಯಾವ ಗಣಿತದಲ್ಲೂ ಇರಲಿಲ್ಲ.

“ಸಾಕು ಬಿಡ್ರೀ. ಇರೋ ಕಣ್ಣೂ ಹಾಳಾಗುತ್ತೆ.” ನೀಲಮ್ಮ ಬಂದು ಬೆನ್ನ ಹಿಂದೆ ನಿಂತರು.

“ಹೋಯ್ತು ಕಣೇ ನೀಲಾ. ಯಾಕೆ ಹೋಯ್ತು ಅಂತಾನಾದ್ರೂ ಗೊತ್ತಾಗಿದ್ರೆ ಸಾಕಿತ್ತು.”

“ಒಂದು ಗ್ರಹ ಹೋದ್ರೆ ಹೋಗ್ಲಿ. ನಿಮ್ಮ ಕಣ್ಣು ಉಳಿಯುತ್ತೆ, ನೋಡ್ತಿರಿ. ನಾನು ಸುಮ್ನೆ ಕೂತಿಲ್ಲ.” ಆಕೆಯ ಅಂಗೈ ಅವರ ಹೆಗಲ ಮೇಲೆ ಬಂತು. ದನಿಯಲ್ಲಿ ಸಣ್ಣ ನಾಚಿಕೆಯಿತ್ತು. “ಹೇಳಿದ್ರೆ ನಗ್ತಿದ್ರಿ, ಅದಕ್ಕೇ ಹೇಳ್ಲಿಲ್ಲ. ಡಾಕ್ಟ್ರು ಹಂಗಂದ ಮರುವಾರವೇ ಹದಿನಾರು ಸೋಮವಾರದ ವ್ರತ ಹಿಡಿದೆ. ಹೋದ ವಾರಕ್ಕೆ ಹದಿನಾರು ತುಂಬ್ತು.”

ಏಕಾಂತಯ್ಯ ತಿರುಗಲಿಲ್ಲ. ಪರದೆಯ ಮೇಲೆ ಗ್ರಹ ಇನ್ನೂ ಸುತ್ತುತ್ತಿತ್ತು.

“ಏಳೂವರೆಗೆ ಸರಿಯಾಗಿ ಮೇಲೆ ಹೋಗಿ, ನಿಮ್ಮ ದುರ್ಬೀನಿನ ಮಗ್ಗುಲಲ್ಲೇ ತುಪ್ಪದ ದೀಪ ಹಚ್ಚಿಟ್ಟು ಬರ್ತಿದ್ದೆ; ಅದೇ ಅಲ್ವೇನ್ರೀ ನಿಮ್ಮ ಕಣ್ಣು?”