ಮರೆಸಿದ ಚಟ್ನಿಪುಡಿ

ಕೆಲಸ ಬಿಟ್ಟವರ ತಲೆಯಿಂದ ಕಂಪನಿಯ ಗುಟ್ಟು ತೆಗೆಯುವುದು ಹುಬ್ಬಳ್ಳಿಯಲ್ಲಿ ಈಗ ಕಿವಿ ಚುಚ್ಚಿಸಿದಷ್ಟೇ ಸಲೀಸು. ಚಟ್ನಿ ಕಂಪನಿಯ ಕೆಲಸ ಬಿಟ್ಟು, ಟೋಪಿಯಂಥ ಯಂತ್ರ ಹಾಕಿಸಿಕೊಂಡು ಎದ್ದ ಕಸ್ತೂರವ್ವನಿಗೆ, ವರ್ಷಗಟ್ಟಲೆ ತಾನೇ ಕುಟ್ಟಿದ ಶೇಂಗಾ ಚಟ್ನಿಪುಡಿಯ ಹದವೂ ನೆನಪಿರಲಿಲ್ಲ, ರುಚಿಯೂ ನೆನಪಿರಲಿಲ್ಲ. ಸೋಮವಾರ ತನ್ನದೇ ಚಟ್ನಿ ಅಂಗಡಿ ತೆರೆಯಬೇಕು.

"ಇನ್ನ ಅಂಗಡ್ಯಾಗ ಏನ ಮಾರ್ತೀಯವಾ, ಗಾಳಿ?" ಎಂದು ಕಂಪನಿಯ ಸಾಹುಕಾರ ಸಂಗಣ್ಣ ನಕ್ಕರು.

ವಾಡಿಕೆಯಂತೆ ಬೀಳ್ಕೊಡುಗೆಯ ತಟ್ಟೆ ಬಂತು: ಬಿಸಿ ರೊಟ್ಟಿ, ಎಣ್ಣೆ, ಕಂಪನಿಯದೇ ಚಟ್ನಿಪುಡಿ. ಹುಟ್ಟಿದ ಮೇಲೆ ಮೊದಲ ಸಲ ತಿನ್ನುವವಳಂತೆ ಅವಳು ತುತ್ತು ಬಾಯಿಗಿಟ್ಟಳು. ಹುಬ್ಬು ಮೇಲೇರಿತು.

"ಇದನ್ನ ಯಾರ ಮಾಡ್ಯಾರ್ರಿ?"

"ನೀನ ಮಾಡಿದ್ದು!"

"ಅಯ್ಯ ನನ್ನ ಶಿವನ! ಇದರಾಗ ಒಂದು ಕಡಿಮಿ ಐತ್ರಿ!"

ದಿನಾ ತಿಂದು ಪಳಗಿದ್ದ ನಾಲಿಗೆಗೆ ಅದು ಎಂದೂ ಗೊತ್ತಾಗಿರಲಿಲ್ಲ. ಹೊಸ ನಾಲಿಗೆಗೆ ಒಂದೇ ತುತ್ತಿಗೆ ಗೊತ್ತಾಯಿತು. ಅವಳಿಗೆ ನಗು ಉಕ್ಕಿ ಉಕ್ಕಿ ಬಂತು.

ಸಾಹುಕಾರರು ಕುರ್ಚಿಯಿಂದ ಎದ್ದರು. "ಏನ ಕಡಿಮಿ ಐತಿ? ಹೇಳವಾ ನಮ್ಮವ್ವ!"

ಕಸ್ತೂರವ್ವ ಸೆರಗಿನಿಂದ ಬಾಯೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಅದು ನಮ್ಮ ಅಂಗಡಿ ಗುಟ್ಟರೀ, ಸಾಹುಕಾರ್ರ."