ಹನ್ನೊಂದನೇ ಹಾಸಿಗೆಯ ಬೆಲ್

ದೊಡ್ಡ ಆಸ್ಪತ್ರೆ ಅದು... ಕಂಪ್ಯೂಟರ್ ಕೆಟ್ಟರೂ, ಪ್ರಿಂಟರ್ ನಿಂತರೂ, ರೋಗಿಯ ಹಾಸಿಗೆ ಪಕ್ಕದ ಬೆಲ್ ಕೈಕೊಟ್ಟರೂ ಎಲ್ಲರೂ ಒತ್ತುವ ನಂಬರ್ ಒಂದೇ. ಒಂಬತ್ತು.

ಫೋನ್ ಎತ್ತುವವರು ಕಮಲಾಕ್ಷಮ್ಮ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಉದ್ದನೆಯ ನೋಟ್‌ಬುಕ್.

ಹರಿಕಥೆಗೆ ಕೂತವರ ಹಾಗೆ ಪೂರ್ತಿ ಕೇಳುತ್ತಿದ್ದರು... ನಡುವೆ ಬಾಯಿ ಹಾಕುತ್ತಿರಲಿಲ್ಲ.

ರಿಪೇರಿ ಆದಮೇಲೆ ತಾವೇ ಫೋನ್ ಮಾಡಿ, "ಒಂದ್ಸಲ ಮಾಡಿ ನೋಡಿ, ನಾನು ಲೈನಲ್ಲೇ ಇರ್ತೀನಿ" ಅನ್ನುತ್ತಿದ್ದರು.

ಆ ಕಡೆಯಿಂದ "ಸರಿಯಾಯ್ತು" ಅನ್ನುವ ಮಾತು ಬರುವವರೆಗೆ ನೋಟ್‌ಬುಕ್‌ನಲ್ಲಿ ಆ ದೂರು ಬರೆದ ಸಾಲಿನ ಮೇಲೆ ಗೀಟು ಎಳೆಯುತ್ತಿರಲಿಲ್ಲ.

ಈ ವರ್ಷ ಆಡಳಿತ ಮಂಡಳಿ ಹೇಳಿತು... ಪುಸ್ತಕ ಸಾಕು. ಸರ್ವಿಸ್ ಡೆಸ್ಕ್ ಸಾಫ್ಟ್‌ವೇರ್ ತನ್ನಿ, ದೂರೆಲ್ಲ ಅದರಲ್ಲೇ ಬರಲಿ, ಆಮೇಲೆ ಆ ಫೋನ್ ತೆಗೆಸಿಬಿಡಿ.

ಆ ಕೆಲಸ ಬಿದ್ದದ್ದು ಐಟಿ ಮ್ಯಾನೇಜರ್ ಸುಧೀಂದ್ರನ ಹೆಗಲಿಗೆ.

ಎರಡು ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ಒಂದು ತಿಂಗಳ ಟ್ರಯಲ್‌ಗೆ ತರಿಸಿದ. ಅರ್ಧ ವಾರ್ಡ್‌ಗಳಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಹೋಲಿಸಿ ನೋಡಲು ಹದಿನಾಲ್ಕು ಅಂಶಗಳ ಪಟ್ಟಿ ಮಾಡಿದ.

ಎರಡನೆಯದೇ ಗೆಲ್ಲುವ ಹಾಗಿತ್ತು...

ಅದರಲ್ಲಿ ರಿಪೇರಿ ಮಾಡಿದವನು "ಆಯ್ತು" ಎಂದು ಗುರುತು ಹಾಕಿದರೆ ಸಾಕು, ದೂರು ಕೊಟ್ಟ ವಾರ್ಡ್‌ಗೆ ಒಂದು ಮೇಲ್ ಹೋಗುತ್ತಿತ್ತು. ಎರಡು ದಿನ ಉತ್ತರ ಬರದಿದ್ದರೆ ದೂರು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ ದೂರಿಗೆ ಹಸಿರು ಬಣ್ಣ... ಸ್ಕ್ರೀನ್ ತುಂಬ ಹಸಿರು.

ವಾರ್ಡ್‌ನ ಮೇಲ್ ನೋಡಲು ಯಾವ ಸಿಸ್ಟರ್‌ಗೂ ಪುರುಸೊತ್ತಿಲ್ಲ ಅನ್ನುವುದು ಸುಧೀಂದ್ರನಿಗೆ ಗೊತ್ತಿಲ್ಲದ್ದೇನಲ್ಲ...

ಒಂದು ಬೆಳಿಗ್ಗೆ ಕಮಲಾಕ್ಷಮ್ಮ ನೋಟ್‌ಬುಕ್ ಹಿಡಿದು ಬಂದರು.

"ಸರ್, ನಾಲ್ಕನೇ ವಾರ್ಡ್, ಹನ್ನೊಂದನೇ ಹಾಸಿಗೆ. ಬೆಲ್ ಒತ್ತಿದ್ರೆ ನರ್ಸ್ ಟೇಬಲ್ ಹತ್ರ ಸದ್ದು ಬರ್ತಿಲ್ಲವಂತೆ. ಲಿಲ್ಲಿ ಸಿಸ್ಟರ್ ಮತ್ತೆ ಫೋನ್ ಮಾಡಿದ್ರು."

ಸುಧೀಂದ್ರ ಸ್ಕ್ರೀನ್ ನೋಡಿದ. "ವೈರ್ ಬದಲಾಯಿಸಿದ್ದಾರೆ ಅಮ್ಮ. ಸ್ವಿಚ್ಚಲ್ಲಿ ಕೆಂಪು ದೀಪ ಹತ್ತಿದೆ. ನಿನ್ನೆಯೇ ಕ್ಲೋಸ್ ಆಗಿದೆ."

"ಹಾಸಿಗೆ ಹತ್ರ ದೀಪ ಹತ್ತುತ್ತೆ ಸರ್, ಟೇಬಲ್ ಹತ್ರ ಸದ್ದು ಬರಲ್ಲ. ನನ್ನ ಪುಸ್ತಕದಲ್ಲಿ ಇನ್ನೂ ಮುಗಿದಿಲ್ಲ."

"ನಿಮ್ಮ ಪುಸ್ತಕ ನೋಡಿದ್ರೆ ಈ ಆಸ್ಪತ್ರೆಲಿ ಯಾವುದೂ ಸರಿ ಇಲ್ಲ ಅನ್ಸುತ್ತೆ."

"ಸರಿ ಇದ್ದೋರು ಫೋನ್ ಮಾಡಲ್ಲವಲ್ಲ ಸರ್."

ಅವನಿಗೆ ನಗು ಬಂತು. "ಸಾಫ್ಟ್‌ವೇರಲ್ಲಿ ಹೊಸದಾಗಿ ದೂರು ಹಾಕೋಕೆ ಹೇಳಿ" ಅಂದು ಪಟ್ಟಿಗೆ ತಿರುಗಿದ. ಮಾರನೇ ದಿನ ಮಂಡಳಿಗೆ ಅದನ್ನು ಒಪ್ಪಿಸಬೇಕಿತ್ತು.

ಲಿಲ್ಲಿ ಸಿಸ್ಟರ್ ಹೊಸ ದೂರು ಹಾಕುವ ಮೊದಲೇ, ಅಂದೇ ರಜೆಯ ಮೇಲೆ ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಸಿಸ್ಟರ್ ಸ್ಕ್ರೀನ್ ನೋಡಿದರು... ನಾಲ್ಕನೇ ವಾರ್ಡ್, ಎಲ್ಲ ಹಸಿರು.

ಹನ್ನೊಂದನೇ ಹಾಸಿಗೆಗೆ ಹೊಸ ರೋಗಿ ಬಂದರು. ಹರಪನಹಳ್ಳಿ ಕಡೆಯವರು. ಜೊತೆಗೆ ಹೆಂಡತಿ ಕೊಟ್ರಮ್ಮ.

ಮಾರನೇ ದಿನ ಮಧ್ಯಾಹ್ನ ಮೀಟಿಂಗ್ ಮುಗಿಸಿ ಹೊರಬಂದ ಸುಧೀಂದ್ರನ ಕೈಯಲ್ಲಿ ಸಹಿ ಬಿದ್ದ ಪಟ್ಟಿ ಇತ್ತು. ಎರಡನೆಯ ಸಾಫ್ಟ್‌ವೇರ್ ಒಪ್ಪಿಗೆಯಾಗಿತ್ತು.

ನಾಲ್ಕನೇ ವಾರ್ಡ್‌ನ ಬಾಗಿಲಲ್ಲಿ ಜನ ನಿಂತಿದ್ದರು...

ಕೊಟ್ರಮ್ಮ ಅಳುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು, ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದರು.

"ಎದೆ ಹಿಡ್ಕೊಂಡ್ರು. ಬೆಲ್ ಒತ್ತಿದ್ರು. ನಾನು ಓಡಿ ಹೋಗಿ ಕರೀತೀನಿ ಅಂದೆ. ಬ್ಯಾಡ, ಕೆಂಪು ದೀಪ ಹತ್ತೈತಲ್ಲ, ಬರ್ತಾರೆ ಕುಂತ್ಕ ಅಂದ್ರು... ನಾನೂ ದೀಪ ನೋಡ್ಕೋತ ಕುಂತೆ."

ಅವರು ಎದ್ದು ಓಡುವ ಹೊತ್ತಿಗೆ ತಡವಾಗಿತ್ತು.

ಸುಧೀಂದ್ರ ಕಂಪನಿಗೆ ಫೋನ್ ಮಾಡಿ ಕೂಗಾಡಿದ. ಆ ಕಡೆಯವನು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದ.

"ಸರ್, ತಾನಾಗಿ ಮುಚ್ಚೋದು ಬೇಡ ಅಂದ್ರೆ ಆಫ್ ಮಾಡಬಹುದು. ಮೊದಲು ಆಫ್ ಆಗೇ ಇತ್ತು... ಬಾಕಿ ದೂರು ಜಾಸ್ತಿ ಕಾಣುತ್ತೆ ಅಂತ ನೀವೇ ಆನ್ ಮಾಡಿಸಿದ್ರಿ."

ಸುಧೀಂದ್ರ ಫೋನ್ ಇಟ್ಟ.

ಅಂದೇ ಮಂಡಳಿಗೆ ಪತ್ರ ಬರೆದ. ನಡೆದದ್ದನ್ನೆಲ್ಲ ಬರೆದು, ತಪ್ಪು ತನ್ನದು ಅಂತ ಕೊನೆಗೆ ಸಹಿ ಹಾಕಿದ. ಒಂಬತ್ತರ ಫೋನ್ ತೆಗೆಯಬಾರದು ಎಂದೂ ಬರೆದ.

ಮೂರನೇ ದಿನ ಕೊಟ್ರಮ್ಮ ಕಾಗದಪತ್ರಕ್ಕೆ ಬಂದರು. ಸುಧೀಂದ್ರ ಅವರೆದುರು ನಿಂತು, ಬೆಲ್ ಕೆಟ್ಟಿದ್ದು ತನಗೆ ಮೊದಲೇ ಗೊತ್ತಿತ್ತು, ತಾನು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಒಪ್ಪಿಕೊಂಡ.

ಅವರು ಬೈಯಲಿಲ್ಲ.

"ಈಗ ಸರಿ ಮಾಡೀರೇನು?"

"ಮಾಡಿದ್ದೀವಿ ಅಮ್ಮ."

"ಒಂದ್ಸಲ ನಾನು ಒತ್ತಿ ನೋಡ್ಲೇನಪ್ಪ?"

ಹನ್ನೊಂದನೇ ಹಾಸಿಗೆ ಖಾಲಿ ಇತ್ತು. ಕೊಟ್ರಮ್ಮ ಅದರ ಅಂಚಿಗೆ ಕೂತು ಬೆಲ್ ಒತ್ತಿದರು. ಕೆಂಪು ದೀಪ ಹತ್ತಿತು.

ಆಚೆ ನರ್ಸ್ ಟೇಬಲ್ ಮೇಲೆ ಸದ್ದಾಯಿತು. ಸಿಸ್ಟರ್ ಓಡಿ ಬಂದು, "ಏನಾಯ್ತಮ್ಮ?" ಅಂದರು.

ಕೊಟ್ರಮ್ಮ ಅವರನ್ನೇ ನೋಡಿದರು... ಆಗ ಮೊದಲ ಸಲ ಕಣ್ಣು ತುಂಬಿತು.

"ಇಷ್ಟೇ ಹೊತ್ತು ಸಾಕಿತ್ತು ತಾಯಿ..."

ವಾರ್ಡ್‌ನ ಫೋನ್ ರಿಂಗಾಯಿತು. ಸುಧೀಂದ್ರ ಎತ್ತಿದ. ಕಮಲಾಕ್ಷಮ್ಮನ ದನಿ.

"ಸರ್, ಹನ್ನೊಂದನೇ ಹಾಸಿಗೆ... ಸರಿಯಾಯ್ತಾ? ಗೀಟು ಎಳೀಲಾ?"

ಅವನು ಹಾಸಿಗೆಯ ಅಂಚಿಗೆ ಕೂತಿದ್ದ ಕೊಟ್ರಮ್ಮನ ಕಡೆ ತಿರುಗಿದ.

ಕಮಲಾಕ್ಷಮ್ಮ ಫೋನ್ ಇಡಲಿಲ್ಲ... ಎಂದಿನ ಹಾಗೆ ಲೈನಲ್ಲೇ ಇದ್ದರು.

*

ಮುಗಿಯಿತು ಎಂದು ನಾವು ಗುರುತು ಹಾಕಿಕೊಳ್ಳಬಹುದು... ಸರಿಯಾಯಿತು ಎಂದು ಹೇಳಬೇಕಾದವರು ನೊಂದವರೇ.

ನೀವು ಮುಗಿಯಿತು ಎಂದುಕೊಂಡ ಯಾವುದಾದರೂ ಮಾತಿಗೆ, ಆ ಕಡೆ ಯಾರಾದರೂ ಇನ್ನೂ ಕಾಯುತ್ತಾ ಕೂತಿದ್ದಾರಾ?